ನೀರೆರೆದ ಕೈ

ಬೆಳಗಿನ ಪೂಜೆಯ ಗಂಟೆ ಬಾರಿಸಿದಾಗ ಫಾದರ್ ಅನಾಕ್ಲೆತೊ ಬಾಡಿಗೆ ಕೋಣೆಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಕೈ ತಾನಾಗಿ ಕತ್ತಿನ ಬಳಿ ಹೋಗಿ ಬಿಳಿ ಪಟ್ಟಿಯನ್ನು ಹುಡುಕಿತು. ಪಟ್ಟಿ ಇರಲಿಲ್ಲ. ಗೀರು ಗೀರು ಅಂಗಿಯ ಕಾಲರಿತ್ತು.

ಗಂಟೆಯನ್ನು ಹೊಸ ಪಾದ್ರಿ ಬಾರಿಸುತ್ತಿದ್ದ. ರಾಜಧಾನಿಯಿಂದ ಬಂದವನು. ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂಬಷ್ಟು ಅವಸರ. ಫಾದರ್ ಅನಾಕ್ಲೆತೊ ಮಂಚದ ಮೇಲೆ ಕುಳಿತರು, ಎದ್ದರು, ಕಿಟಕಿಯವರೆಗೆ ಹೋಗಿ ಬಂದರು. ಈ ಹೊತ್ತಿಗೆ ಇಪ್ಪತ್ತು ವರ್ಷಗಳಿಂದ ಅವರ ಕೈಗೊಂದು ಕೆಲಸವಿತ್ತು. ಈಗ ಆ ಕೈಗಳನ್ನು ಎಲ್ಲಿಡಬೇಕು ಎಂದು ತಿಳಿಯುತ್ತಿರಲಿಲ್ಲ. ಜೇಬಿಗೆ ಹಾಕಿದರೆ ಕಳ್ಳನ ಹಾಗೆ ಕಾಣುತ್ತದೆ, ಬೆನ್ನ ಹಿಂದೆ ಕಟ್ಟಿದರೆ ಪೊಲೀಸನ ಹಾಗೆ.

ಬಿಷಪ್ ಕೋಪದಿಂದೇನೂ ಹೇಳಿರಲಿಲ್ಲ. "ಪ್ರಾಂತ್ಯದ ಗವರ್ನರ್ ಆಗೋಕೆ ನಿಲ್ತೀಯೋ, ಪೀಠದ ಮುಂದೆ ನಿಲ್ತೀಯೋ, ಯೋಚನೆ ಮಾಡು ಅನಾಕ್ಲೆತೊ. ಎರಡೂ ಕಡೆ ನಿಲ್ಲೋಕೆ ನಿಂಗಿರೋದು ಎರಡೇ ಕಾಲು" ಎಂದಿದ್ದರು. ಉಮೇದುವಾರಿಕೆ ಹಾಕಿದ ದಿನವೇ ಪೂಜೆ ಮಾಡುವ, ಪಾಪನಿವೇದನೆ ಕೇಳುವ ಅಧಿಕಾರ ಹೋಯಿತು. ಚರ್ಚಿನ ಮನೆ ಬಿಟ್ಟು ಚರ್ಮ ಹದ ಮಾಡುವವರ ಓಣಿಯಲ್ಲಿ ಕೋಣೆ ಹಿಡಿದರು.

ಎಲ್ಲದಕ್ಕೂ ಕಾರಣ ಒಂದು ಸೇತುವೆ. ಬೆಟ್ಟದ ಕಣಿವೆಯ ಊರು ಸೊರಪಂಪದ ನದಿಗೆ ಕಟ್ಟಿದ ಸೇತುವೆ ಮೊದಲ ಮಳೆಗಾಲವನ್ನೇ ದಾಟಲಿಲ್ಲ. ಸಂತೆಗೆ ಹೊರಟ ಲಾರಿ ಅದರ ಮೇಲಿದ್ದಾಗಲೇ ನಡು ಮುರಿಯಿತು. ಆಲೂಗೆಡ್ಡೆ ಮೂಟೆಗಳು ಮೂರು ಊರಾಚೆ ತೇಲಿ ಸಿಕ್ಕವು. ಮನುಷ್ಯರಲ್ಲಿ ಕೆಲವರು ಸಿಕ್ಕಲೇ ಇಲ್ಲ. ಲಾರಿ ಓಡಿಸುತ್ತಿದ್ದ ಮೆಲಾನಿಯೊ ಸಿಕ್ಕಲಿಲ್ಲ.

ಅವನ ಹೆಂಡತಿ ಬೆನಿತಾಗೆ ಇನ್ನೂ ಇಪ್ಪತ್ತಾರು. ಅವಳು ಅಳಲಿಲ್ಲ. ವಾರಕ್ಕೊಮ್ಮೆ ಬಂದು ಗಂಡನ ಹೆಸರಲ್ಲಿ ಪೂಜೆ ಹೇಳಿಸುತ್ತಿದ್ದಳು, ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿ ಹೋಗುತ್ತಿದ್ದಳು. ಒಂದು ದಿನ ಪೂಜೆ ಮುಗಿದ ಮೇಲೂ ಎದ್ದು ಹೋಗಲಿಲ್ಲ.

"ಪೂಜೆ ಸಾಕು ಸ್ವಾಮಿ" ಎಂದಳು. "ದುರಾಸೆ ಕೆಟ್ಟದ್ದು ಅಂತ ಹೇಳಿದ್ರಿ, ಕೇಳಿದೆ. ಸೇತುವೆ ಕಟ್ಟಿದೋನ ಹೆಸರು ಯಾರಾದ್ರೂ ಹೇಳ್ತಾರಾ?"

ಹೆಸರು ಊರಿಗೆಲ್ಲ ಗೊತ್ತಿತ್ತು. ಗುತ್ತಿಗೆದಾರ ದೊನ್ ಫೌಸ್ತೊ ಬರ್ರೆದಾ. ಕಬ್ಬಿಣ ಹಾಕಬೇಕಾದಲ್ಲಿ ಅರ್ಧ ಹಾಕಿ, ಉಳಿದ ಅರ್ಧದಲ್ಲಿ ತನ್ನ ಮನೆಗೆ ಎರಡನೆಯ ಮಹಡಿ ಎಬ್ಬಿಸಿದವನು. ಕೆಲಸ ಮಾಡಿದ ಗಾರೆಯವರು ಚಿಚಾ ಕುಡಿದಾಗ ಹೇಳುತ್ತಿದ್ದರು, ನಶೆ ಇಳಿದಾಗ ಇಲ್ಲವೆನ್ನುತ್ತಿದ್ದರು. ಈಗ ಗವರ್ನರ್ ಹುದ್ದೆಗೆ ಅವನೂ ಉಮೇದುವಾರ. ಚರ್ಚಿನ ಪೀಠದಿಂದ ಯಾರ ಹೆಸರೂ ಬರಕೂಡದು ಎಂದು ಬಿಷಪ್ ಹೇಳಿದ್ದರು. ಹಾಗಾಗಿ ಫಾದರ್ ಅನಾಕ್ಲೆತೊ ಪೀಠ ಇಳಿದು ಬಂದರು. ಮತದಾನಕ್ಕೆ ಮುಂಚಿನ ಕೊನೆಯ ಸಂತೆಯ ಭಾನುವಾರ ಉಮೇದುವಾರರೆಲ್ಲ ಚೌಕದ ಕಟ್ಟೆಯ ಮೇಲೆ ಒಬ್ಬೊಬ್ಬರಾಗಿ ಮಾತಾಡುವುದು ಸೊರಪಂಪದ ವಾಡಿಕೆ. ಅಲ್ಲಿ, ಅವನ ಎದುರಿಗೇ, ಹೆಸರು ಹೇಳುತ್ತೇನೆಂದು ಬೆನಿತಾಗೆ ಮಾತು ಕೊಟ್ಟಿದ್ದರು.

ಆ ಭಾನುವಾರ ಇನ್ನೇನು ಬರಬೇಕಿತ್ತು. ಅದಕ್ಕೆ ಮೂರು ದಿನ ಮುಂಚೆ, ಗುರುವಾರ, ಬೇರೆಯೇ ಒಂದು ಕೆಲಸ ಆಗಿಹೋಯಿತು.

ಸಂತೆ ಓಣಿಯಲ್ಲಿ ಸೆನೋಬಿಯಾಳ ಜೊತೆ ಚೀಟಿ ಹಂಚುತ್ತಿದ್ದರು. ಸೆನೋಬಿಯಾ ಗಿಣ್ಣು ಮಾರುವವಳು, ಸಂತೆಯ ಹೆಂಗಸರ ಸಂಘದ ಯಜಮಾನಿ, ಫಾದರ್‌ರ ಚುನಾವಣೆಯ ಪೂರಾ ಹೊರೆ ಹೊತ್ತವಳು. ಅವರ ಗುರುತು ಸಲಿಕೆ. "ಸಲಿಕೆಗೆ ಒತ್ತಿ, ಸಲಿಕೆಗೆ! ಕುದುರೆಗೆ ಒತ್ತಿದ್ರೆ ಸಗಣಿ ಎತ್ತೋಕೂ ಸಲಿಕೆನೇ ಬೇಕು!" ಎಂದು ಅವಳು ಕೂಗುತ್ತಿದ್ದಳು. ಕುದುರೆ ಫೌಸ್ತೊನ ಗುರುತು.

ಒಂದು ಬಾಗಿಲಲ್ಲಿ ಮುದುಕಿಯೊಬ್ಬಳು ಬರಿದಲೆಯಲ್ಲಿ ನಿಂತು ಕೈ ಬೀಸಿದಳು. ಫೌಸ್ತೊನ ಅತ್ತೆ. ಮಗಳು, ಫೌಸ್ತೊನ ಹೆಂಡತಿ ದೆಲ್ಫಿನಾ, ಹೆರಿಗೆಗೆಂದು ತವರಿಗೆ ಬಂದಿರುವುದು ಫಾದರ್‌ಗೆ ಗೊತ್ತಿತ್ತು.

"ಸ್ವಾಮಿ, ಕೂಸು ನೀಲಿಗಟ್ತಾ ಇದೆ. ಹೊಸ ಪಾದ್ರಿ ಗುಡ್ಡದ ಮೇಲಿನ ಊರಿಗೆ ಹೋಗವ್ನೆ. ಒಳಗೆ ಬನ್ನಿ."

"ಹೋಗ್ಬೇಡಿ" ಎಂದಳು ಸೆನೋಬಿಯಾ, ತುಟಿ ಅಲ್ಲಾಡಿಸದೆ.

ಹೋದರು. ಕೋಣೆಯಲ್ಲಿ ದೆಲ್ಫಿನಾ ಗೋಡೆಗೆ ಒರಗಿದ್ದಳು. ಮೂರು ಬಸಿರು ಕಳೆದುಕೊಂಡ ಮೇಲಿನ ಮಗು, ತಿಂಗಳು ತುಂಬುವ ಮೊದಲೇ ಬಂದದ್ದು. ಮುಷ್ಟಿಯಷ್ಟು ಮುಖ, ಅದರಲ್ಲಿ ತುಟಿ ಬೂದಿ ಬಣ್ಣ. ಸೂಲಗಿತ್ತಿ ಕಸಿಮಿರಾ ಆಗಲೇ ನೀರಿನ ಬೋಗುಣಿ ಹಿಡಿದು ಮಂಡಿಯೂರಿದ್ದಳು. ಪಾದ್ರಿ ಸಿಗದ ಹೊತ್ತಿನಲ್ಲಿ ಸಾಯುವ ಕೂಸಿಗೆ ಯಾರು ಬೇಕಾದರೂ ದೀಕ್ಷೆಯ ನೀರು ಎರೆಯಬಹುದು. ಕಸಿಮಿರಾ ಕಣಿವೆಯ ಎಷ್ಟೋ ಕೂಸುಗಳಿಗೆ ಎರೆದಿದ್ದಳು. ಇದಕ್ಕೂ ಎರೆಯುತ್ತಿದ್ದಳು, ಫಾದರ್ ಇನ್ನೊಂದು ಕ್ಷಣ ತಡೆದಿದ್ದರೆ.

ಫಾದರ್ ಅನಾಕ್ಲೆತೊರ ಕೈ ತಡೆಯಲಿಲ್ಲ. ಬೋಗುಣಿ ಯಾವಾಗ ತಮ್ಮ ಕೈಗೆ ಬಂತೆಂದು ಅವರಿಗೇ ತಿಳಿಯಲಿಲ್ಲ.

"ಹೆಸರು?"

"ಫೆರ್ಮಿನ್" ಎಂದಳು ದೆಲ್ಫಿನಾ.

"ಫೆರ್ಮಿನ್, ಪಿತನ, ಸುತನ ಮತ್ತು ಪವಿತ್ರಾತ್ಮನ ನಾಮದಲ್ಲಿ..."

ಮೂರು ಸಲ ನೀರು ಬಿತ್ತು. ತಿಂಗಳುಗಟ್ಟಲೆ ಬರಿದಾಗಿದ್ದ ಕೈ ಅದು. ನೀರು ಬೆರಳ ಸಂದಿಯಲ್ಲಿ ಇಳಿಯುವಾಗ ಅವರಿಗೆ ಮೈಯೆಲ್ಲ ಹಗುರಾಯಿತು. ಮಗು ಕೆಮ್ಮಿತು. ತಣ್ಣೀರು ತಾಗಿದ್ದಕ್ಕೋ ಏನೋ, ಬೆಕ್ಕಿನ ಮರಿಯ ಹಾಗೆ ಒಮ್ಮೆ ಕಿರುಚಿ, ಆಮೇಲೆ ಬಿಡದೆ ಅಳತೊಡಗಿತು. ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

ಕಸಿಮಿರಾ ಮಾತ್ರ ಅವರ ಮುಖವನ್ನೇ ನೋಡುತ್ತಿದ್ದಳು. "ಹಂಗಾದ್ರೆ ಜ್ಞಾನತಂದೆ ನೀವೇ ಆದ್ರಿ" ಎಂದಳು ಮೆಲ್ಲಗೆ. "ಫೌಸ್ತೊಗೆ ಕೊಂಪಾದ್ರೆ."

"ನಾನು ಪಾದ್ರಿ ಕಣಮ್ಮ. ಪಾದ್ರಿ ಎರೆದ್ರೆ ಆ ನಂಟು ಬರಲ್ಲ."

"ಪಾದ್ರಿ ಆಗಿದ್ರಿ" ಎಂದಳು ಮುದುಕಿ, ಮೊಮ್ಮಗನನ್ನು ಬಟ್ಟೆಯಲ್ಲಿ ಸುತ್ತುತ್ತ. "ಈಗ ನಮ್ಮಂಗೇ ಅಲ್ವಾ?"

ಅದು ನಿಜವಾಗಿತ್ತು. ಪಾದ್ರಿಯಲ್ಲದವನು ನೀರೆರೆದರೆ ಅವನೇ ಮಗುವಿಗೆ ಜ್ಞಾನತಂದೆ, ಮಗುವಿನ ಅಪ್ಪನಿಗೆ ಸಾಯುವವರೆಗೂ ಕೊಂಪಾದ್ರೆ. ಸಾವಿರಾರು ಕೂಸುಗಳಿಗೆ ನೀರೆರೆದು ಯಾರಿಗೂ ಕೊಂಪಾದ್ರೆ ಆಗಿರಲಿಲ್ಲ ಅವರು. ಆಗ ಎರೆದದ್ದು ಚರ್ಚಿನ ಕೈ. ಇವತ್ತು ಎರೆದದ್ದು ಅನಾಕ್ಲೆತೊನ ಕೈ. ಸೊರಪಂಪದಲ್ಲಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ, ಗಂಡಹೆಂಡಿರು ಬೀದಿಗೆ ಬರುತ್ತಾರೆ. ಮಗುವಿನ ಅಪ್ಪನ ಮೇಲೆ ಜ್ಞಾನತಂದೆ, ಜ್ಞಾನತಂದೆಯ ಮೇಲೆ ಮಗುವಿನ ಅಪ್ಪ ನಾಲ್ಕು ಜನರ ಮುಂದೆ ಬಾಯಿ ಮಾಡುವುದಿಲ್ಲ. ಮಾಡಿದವನ ಅಂಗಡಿಗೆ ಗಿರಾಕಿ ಬರುವುದಿಲ್ಲ, ಹೊಲಕ್ಕೆ ಆಳು ಬರುವುದಿಲ್ಲ.

ಹೊರಗೆ ಸೆನೋಬಿಯಾ ಕಾಯುತ್ತಿದ್ದಳು. ಒಳಗಿನ ಸುದ್ದಿ ಅವರಿಗಿಂತ ಮೊದಲೇ ಕಿಟಕಿಯಿಂದ ಹಾರಿ ಬಂದಿತ್ತು.

"ಕೋಣೆ ತುಂಬ ಹೆಂಗಸ್ರಿದ್ರು. ಕಸಿಮಿರಾ ಇದ್ಲು. ಬಾಗ್ಲಲ್ಲಿ ನಾನಿದ್ದೆ. ನನ್ನ ಕರೀಬಾರ್ದಿತ್ತಾ? ನಾನೇನು ಎರೀತಿರ್ಲಿಲ್ವಾ? ಗಿಣ್ಣು ಹಿಂಡೋ ಕೈ ನೀರು ಹಾಕಲ್ವಾ?"

"ಮಗು ಸಾಯ್ತಿತ್ತು ಸೆನೋಬಿಯಾ."

"ಕಸಿಮಿರಾ ಎರೆದಿದ್ರೆ ಸಾಯ್ತಿತ್ತಾ?"

ಫಾದರ್ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡರು.

"ಕೇಳಿದ್ನಲ್ಲ. ಸಾಯ್ತಿತ್ತಾ?"

"ಇಲ್ಲ" ಎಂದರು. "ಕೈ ತಾನಾಗೇ ಹೋಯ್ತು."

"ಚೆನ್ನಾಗಿದೆ. ಜಗತ್ತಿನ ಗಂಡಸ್ರೆಲ್ಲ ಇದನ್ನೇ ಹೇಳ್ತಾರೆ, ನನ್ನ ಗಂಡನ್ನೂ ಸೇರಿಸಿ." ಉಳಿದ ಚೀಟಿಗಳನ್ನು ಎದೆಗೊತ್ತಿಕೊಂಡು ಅವಳು ಮುಂದೆ ನಡೆದಳು. ಕೂಗುವುದನ್ನು ಮಾತ್ರ ನಿಲ್ಲಿಸಿದ್ದಳು.

ಮರುದಿನ ಮಧ್ಯಾಹ್ನ ಓಣಿಯ ತುದಿಯಲ್ಲಿ ಬ್ಯಾಂಡು ಕೇಳಿಸಿತು. ಹದ ಮಾಡುವವರು ಚರ್ಮ ಬಿಟ್ಟು ಹೊರಗೆ ಬಂದರು. ಕಹಳೆ, ಡೋಲು, ಹಿಂದೆ ದೊನ್ ಫೌಸ್ತೊ, ಅವನ ಹಿಂದೆ ಇಬ್ಬರು ಹೊತ್ತ ದೊಡ್ಡ ತಟ್ಟೆ. ತಟ್ಟೆಯಲ್ಲಿ ಮನೆಯಲ್ಲಿ ಸಾಕಿ ಕೆಂಪಗೆ ಹುರಿದ ಕುಯ್ ಎಂಬ ಗಿನಿಯಿಲಿಗಳು, ಬೇಯಿಸಿದ ಆಲೂಗೆಡ್ಡೆ, ಬಾಯಲ್ಲಿ ಕೆಂಪು ಮೆಣಸಿನಕಾಯಿ ಕಚ್ಚಿಸಿದ ಎಲ್ಲಕ್ಕಿಂತ ದೊಡ್ಡ ಕುಯ್ ನಡುವೆ. ಜ್ಞಾನತಂದೆಗೆ ಸಲ್ಲಬೇಕಾದ ತಟ್ಟೆ. ಬೇಡವೆಂದರೆ ಮಗುವನ್ನೇ ಬೇಡವೆಂದ ಹಾಗೆ.

ಫೌಸ್ತೊ ಬಾಗಿಲಲ್ಲೇ ಟೊಪ್ಪಿಗೆ ತೆಗೆದು, ಓಣಿಯ ಜನರೆಲ್ಲ ನೋಡುತ್ತಿರುವಂತೆ ಅವರನ್ನು ತಬ್ಬಿಕೊಂಡ. "ಕೊಂಪಾದ್ರೆ!" ಬ್ಯಾಂಡು ಇನ್ನೂ ಜೋರಾಯಿತು.

ಫಾದರ್ ತಟ್ಟೆಗೆ ಕೈ ಒಡ್ಡಿದರು. ತೆಗೆದುಕೊಂಡರು.

ಒಳಗೆ ಬಂದ ಮೇಲೆ ಫೌಸ್ತೊ ಒಂದೇ ಕುರ್ಚಿಯನ್ನು ಅವರಿಗೆ ಬಿಟ್ಟು ಮಂಚದ ಅಂಚಿನಲ್ಲಿ ಕುಳಿತ. ಕಣ್ಣು ಒದ್ದೆಯಾಗಿತ್ತು. ನಾಟಕವಿರಬಹುದೆಂದು ಫಾದರ್ ನೋಡಿದರು. ನಾಟಕವಾಗಿರಲಿಲ್ಲ.

"ಹಾಲು ಕುಡಿದ, ಸ್ವಾಮಿ. ಬೆಳಿಗ್ಗೆ ನನ್ನ ಬೆರಳು ಹಿಡ್ಕೊಂಡ. ಬಿಡ್ಲೇ ಇಲ್ಲ." ಅವನು ತನ್ನ ತೋರುಬೆರಳನ್ನು ತಾನೇ ನೋಡಿಕೊಂಡ. "ನಿಮ್ಮಿಂದ ಉಳಿದ."

"ದೇವರಿಂದ."

"ದೇವರ ಮನೆಗೆ ತಟ್ಟೆ ತಗೊಂಡು ಹೋಗೋಕೆ ಆಗಲ್ವಲ್ಲ."

"ಬ್ಯಾಂಡು ಯಾಕೆ ತಂದೆ, ಫೌಸ್ತೊ?"

ಫೌಸ್ತೊ ನಕ್ಕ. ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕ. "ನೀವು ಚುನಾವಣೆಗೆ ನಿಂತೋರು, ನಾನೂ ನಿಂತೋನು. ಸಂತೋಷನ ಸುಮ್ನೆ ಕಳೀತಾರಾ ಯಾರಾದ್ರೂ?"

"ಸೇತುವೆಗೆ ಕಬ್ಬಿಣ ಎಷ್ಟು ಹಾಕಿದ್ದೆ?"

ನಗು ನಿಂತಿತು. ಓಣಿಯಲ್ಲಿ ಬ್ಯಾಂಡಿನವರು ಹಾಡು ಬದಲಾಯಿಸಿದರು.

"ಅದಕ್ಕೆ ತೀರ್ಥ ಹಾಕಿದ್ದು ನೀವೇ, ಕೊಂಪಾದ್ರೆ. ಉದ್ಘಾಟನೇಲಿ ಬಾಟ್ಲಿ ಒಡೆದಾಗ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದ್ರಿ."

"ಎಷ್ಟು ಹಾಕಿದ್ದೆ?"

"ಇಂಥದ್ದೇನಿದ್ರೂ ಮನೆಗೆ ಬಂದು ಕೇಳಿ. ನಮ್ಮನೇಲಿ, ಊಟ ಮಾಡ್ತಾ. ಬೈದ್ರೂ ಬೈಸ್ಕೊಳ್ತೀನಿ. ಚೌಕದಲ್ಲಿ ಬೇಡ." ಫೌಸ್ತೊ ಎದ್ದು ಟೊಪ್ಪಿಗೆ ಹಾಕಿಕೊಂಡ. "ಚೌಕದಲ್ಲಿ ನೀವು ಕೇಳೋದೂ ಇಲ್ಲ, ನಂಗೊತ್ತು. ನೀವು ಈ ಕಣಿವೇಲೇ ಹುಟ್ಟಿದೋರು."

ಅವನು ಹೋದ ಮೇಲೆ ತಟ್ಟೆ ಮೇಜಿನ ಮೇಲೆ ಉಳಿಯಿತು. ನಡುವಿನ ಕುಯ್ ಮೆಣಸಿನಕಾಯಿ ಕಚ್ಚಿಕೊಂಡು ಅವರನ್ನೇ ನೋಡುತ್ತಿತ್ತು. ಫಾದರ್ ಕೋಣೆಯಲ್ಲಿ ಅತ್ತಿಂದಿತ್ತ ತಿರುಗಿದರು. ಮಂಚದಿಂದ ಬಾಗಿಲು, ಬಾಗಿಲಿಂದ ಮಂಚ. ಕೊನೆಗೆ ತಟ್ಟೆಯನ್ನು ಹದ ಮಾಡುವವರಿಗೆ ಕೊಟ್ಟುಬಿಟ್ಟರು. ಅವರು ತಿಂದರು, ಕೊಂಪಾದ್ರೆಯ ತಟ್ಟೆ ರುಚಿಯಾಗಿದೆ ಎಂದರು. ಇದೂ ಸಂಜೆಯೊಳಗೆ ಊರು ಸುತ್ತಿತು.

ಶನಿವಾರ ಬೆನಿತಾಳ ಮನೆಗೆ ಹೋದರು. ಹೋಗುವ ದಾರಿಯಲ್ಲೇ ಎರಡು ಸಲ ಹಿಂದಕ್ಕೆ ತಿರುಗಿದ್ದರು.

ಬೆನಿತಾ ಅಂಗಳದಲ್ಲಿ ಕುಳಿತು ಹುರುಳಿಕಾಯಿ ಸುಲಿಯುತ್ತಿದ್ದಳು. ಇಬ್ಬರಿಗಾಗುವಷ್ಟು ಸುಲಿದು ಅರ್ಧವನ್ನು ಪಕ್ಕಕ್ಕೆ ಸರಿಸುವುದು ಅವಳಿಗಿನ್ನೂ ಬಿಟ್ಟುಹೋಗಿರಲಿಲ್ಲ. ಮೆಲಾನಿಯೊನ ಟೊಪ್ಪಿಗೆ ಗೂಟದಲ್ಲಿ ತೂಗುತ್ತಿತ್ತು. ಧೂಳು ಕೂತಿತ್ತು. ಅವಳು ಒರೆಸುತ್ತಿರಲಿಲ್ಲ, ತೆಗೆಯುತ್ತಲೂ ಇರಲಿಲ್ಲ.

"ಕೂತ್ಕೊಳ್ಳಿ ಸ್ವಾಮಿ."

"ನಿಂಗೆ ಗೊತ್ತಾಗಿರ್ಬೇಕು."

"ಬ್ಯಾಂಡು ಇಲ್ಲೀವರೆಗೂ ಕೇಳ್ತು." ಒಂದು ಕಾಯಿ ಸುಲಿದಳು. "ಕೂಸು ಹೇಗಿದೆ?"

"ಉಳೀತು."

"ಒಳ್ಳೇದಾಯ್ತು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

"ಬೆನಿತಾ, ಕೊಂಪಾದ್ರೆ ಮೇಲೆ ಚೌಕದಲ್ಲಿ ನಿಂತು ಹೇಳೋದು..."

"ತಪ್ಪು" ಎಂದಳು.

"ನೀನೇ ಹೇಳ್ತಿದ್ದೀಯ."

"ತಪ್ಪೇ ಅಲ್ವಾ? ನಮ್ಮಪ್ಪ ತನ್ನ ಕೊಂಪಾದ್ರೆಗೆ ಹೊಲ ಬಿಟ್ಕೊಟ್ಟ, ಮಾತಾಡ್ಲಿಲ್ಲ. ಮಾತಾಡ್ಬಾರ್ದು." ಇನ್ನೊಂದು ಕಾಯಿ ಕೈಗೆತ್ತಿಕೊಂಡು ಹಾಗೇ ಹಿಡಿದುಕೊಂಡಳು. "ಹೇಳ್ಬೇಡಿ ಅಂತ ನಾನು ಹೇಳ್ಲಿಲ್ಲ, ಸ್ವಾಮಿ. ತಪ್ಪು ಅಂದೆ ಅಷ್ಟೆ."

ಮಾತಿನಿಂದ ಬಿಡಿಸಿಕೊಳ್ಳಲು ಬಂದಿದ್ದರು. ಅವಳು ಬಿಡಿಸಲೂ ಇಲ್ಲ, ಕಟ್ಟಲೂ ಇಲ್ಲ. ಹೊರಡುವಾಗ ಪಕ್ಕಕ್ಕೆ ಸರಿಸಿದ್ದ ಕಾಳನ್ನು ಕಾಗದದಲ್ಲಿ ಸುತ್ತಿ ಅವರ ಕೈಗಿತ್ತಳು.

ಭಾನುವಾರ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಪಾದ್ರಿಯ ಪೂಜೆ ಮುಗಿಸಿದವರು ಮೆಟ್ಟಿಲ ಮೇಲೇ ಕುಳಿತಿದ್ದರು. ಕುರಿ, ಮೂಟೆ, ಗಿಣ್ಣು, ಎಲ್ಲದರ ನಡುವೆ ಕಟ್ಟೆ. ಮೊದಲು ರೇಡಿಯೊದಲ್ಲಿ ಸುದ್ದಿ ಓದುವವನೊಬ್ಬ ಮಾತಾಡಿದ. ಆಮೇಲೆ ಫೌಸ್ತೊ. ರಸ್ತೆ, ಆಸ್ಪತ್ರೆ, ಮಗ ಹುಟ್ಟಿದ ಸುದ್ದಿ, ಮಗನನ್ನು ಉಳಿಸಿದ ಕೊಂಪಾದ್ರೆಯ ಹೊಗಳಿಕೆ. "ಅಂಥವ್ರು ಪೀಠದ ಮುಂದೆ ಇರ್ಬೇಕು. ಗವರ್ನರ್ ಆಗಿ ನಾನೇ ಬಿಷಪ್ ಕಾಲಿಗೆ ಬಿದ್ದು ವಾಪಸ್ ಕರೆಸ್ತೀನಿ!" ಜನ ಕುಣಿದರು. ಕಟ್ಟೆಯ ಕೆಳಗೆ ದೆಲ್ಫಿನಾ ಕುಳಿತಿದ್ದಳು, ಮಗು ಮಡಿಲ ಶಾಲಿನಲ್ಲಿ.

"ಸಲಿಕೆ ಬಗ್ಗೆ ಮಾತಾಡಿ ಇಳಿದುಬಿಡಿ" ಎಂದಳು ಸೆನೋಬಿಯಾ ಕಿವಿಯಲ್ಲಿ. "ನೀರಿನ ಬಗ್ಗೆ, ಸ್ಕೂಲಿನ ಬಗ್ಗೆ. ಈಗ್ಲೂ ಗೆಲ್ಬೋದು. ಅವನೇ ನಿಮ್ಮನ್ನ ಹೊಗಳವ್ನೆ."

ಫಾದರ್ ಮೇಲೆ ಹೋದರು. ಮೈಕಿನ ಮುಂದೆ ನಿಂತರು. ಮೊದಲ ಸಾಲಿನಲ್ಲಲ್ಲ, ಉಪ್ಪಿನ ಅಂಗಡಿಯ ಕಂಬದ ಬಳಿ ಬೆನಿತಾ ನಿಂತಿದ್ದಳು. ಟೊಪ್ಪಿಗೆ ತೆಗೆದರು. ಅದನ್ನು ಹಿಡಿದ ಮೇಲೆ ಕೈಗಳಿಗೊಂದು ಜಾಗ ಸಿಕ್ಕಿತು.

ಜನರ ಕಡೆ ಮಾತಾಡಲಿಲ್ಲ. ಫೌಸ್ತೊನ ಕಡೆ ತಿರುಗಿದರು.

"ಕೊಂಪಾದ್ರೆ" ಎಂದರು. "ನಿಮ್ಮ ಮಗನಿಗೆ ನೀರೆರೆದೋನು ನಾನು. ನನ್ನ ಜ್ಞಾನಪುತ್ರ ಅವನು. ದೊಡ್ಡವನಾಗ್ತಾನೆ. ನದಿ ದಾಟಿ ಸಂತೆಗೆ ಹೋಗ್ತಾನೆ. ಯಾವ ಸೇತುವೆ ಮೇಲೆ ದಾಟ್ತಾನೆ, ಕೊಂಪಾದ್ರೆ? ನೀವು ಕಟ್ಟಿದ ಸೇತುವೆಗೆ ಕಬ್ಬಿಣ ಅರ್ಧ ಹಾಕಿದ್ರಿ. ನಾನು ನೋಡದೆ ತೀರ್ಥ ಹಾಕ್ದೆ. ಮೆಲಾನಿಯೊ ಹೋದ. ತೊಮಾಸಾ ಹೋದ್ಲು, ಅವಳ ಇಬ್ಬರು ಹೆಣ್ಣುಮಕ್ಕಳು ಹೋದ್ರು. ಮನೇಲಿ ಕೇಳಿ ಅಂದ್ರಿ. ಅವರೆಲ್ಲ ಮನೇಲಿ ಸತ್ತಿದ್ರೆ ಮನೇಲೇ ಕೇಳ್ತಿದ್ದೆ."

ಬರೆದುಕೊಂಡದ್ದೇನೋ ಇನ್ನೂ ಇತ್ತು, ಮರೆತುಹೋಯಿತು.

ಮೊದಲು ಮುದುಕಿಯೊಬ್ಬಳು ಎದ್ದು ಮೂಟೆ ಹೊತ್ತು ಹೊರಟಳು. "ತಟ್ಟೆ ತಿಂದು..." ಎಂದು ಯಾರೋ ಗೊಣಗಿದರು. ಹೆಂಗಸರು ಬಾಯಿಗೆ ಶಾಲು ಒತ್ತಿಕೊಂಡರು. ಸಾಲು ಸಾಲಾಗಿ ಜನ ಅವರಿಗೆ ಬೆನ್ನು ತಿರುಗಿಸುತ್ತಿದ್ದರು. ಕಟ್ಟೆಯ ಮೇಲಿಂದ ಅದು ಚೆನ್ನಾಗಿ ಕಾಣುತ್ತಿತ್ತು.

ಫೌಸ್ತೊ ಮೈಕಿನ ಹತ್ತಿರ ಬಂದ. ಹೊರಟವರೂ ನಿಂತರು. ಅವನು ಬಾಯಿ ತೆರೆದ. ಸುಳ್ಳು ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಆ ಮಾತು ಯಾರಿಗೆ ಹೇಳಬೇಕಿತ್ತು? ಮಗನಿಗೆ ನೀರೆರೆದವನಿಗೆ, ಮೊನ್ನೆ ಬ್ಯಾಂಡಿನೊಂದಿಗೆ ಹೋಗಿ ಊರ ಮುಂದೆ ತಬ್ಬಿಕೊಂಡವನಿಗೆ. ಚೌಕವೆಲ್ಲ ಅವನ ತುಟಿಯನ್ನೇ ನೋಡುತ್ತಿತ್ತು. ಅವನು ಹೆಂಡತಿಯ ಕಡೆ ನೋಡಿದ. ದೆಲ್ಫಿನಾ ನೆಲ ನೋಡುತ್ತಿದ್ದಳು.

ಫೌಸ್ತೊ ಬಾಯಿ ಮುಚ್ಚಿದ. ಕಟ್ಟೆ ಇಳಿದ.

"ಬಾರಿಸೋದಾ?" ಎಂದು ಬ್ಯಾಂಡಿನವನು ಕೇಳಿದ.

"ಬೇಡ."

ಚೌಕ ಖಾಲಿಯಾದಾಗ ಬೆನಿತಾ ಕಂಬದ ಬಳಿಯೇ ಇದ್ದಳು. ಫಾದರ್ ಹತ್ತಿರ ಹೋದರು. "ಹೇಳಿದ್ರಿ" ಎಂದಳು. ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, "ಹೇಳಿದ್ಮೇಲೆ ಏನಾದ್ರೂ ಆಗತ್ತೆ ಅನ್ಕೊಂಡಿದ್ದೆ, ನನ್ನೊಳಗೆ" ಎಂದಳು. ಉಪ್ಪು ಕೊಂಡು ಮನೆಗೆ ಹೋದಳು.

ಚುನಾವಣೆಯಲ್ಲಿ ರೇಡಿಯೊದವನು ಗೆದ್ದ. ಕುದುರೆ ಬಹಳ ಹಿಂದೆ ಉಳಿಯಿತು, ಸಲಿಕೆ ಅದಕ್ಕಿಂತಲೂ ಹಿಂದೆ. "ಸೋಲ್ತೀರಿ ಅಂತ ಗೊತ್ತಿತ್ತು" ಎಂದಳು ಸೆನೋಬಿಯಾ. "ನನ್ನ ಓಣೀಲೂ ಸೋಲ್ತೀರಿ ಅಂತ ಗೊತ್ತಿರ್ಲಿಲ್ಲ. ನನ್ನ ಗಂಡನೂ ಹಾಕಿಲ್ಲ. ಕೊಂಪಾದ್ರೆನ ಬಿಟ್ಕೊಟ್ಟೋನು ನಮ್ಮನ್ನ ಬಿಟ್ಕೊಡಲ್ವಾ ಅಂತಾನೆ." ಆದರೂ ಮರದ ಪೆಟ್ಟಿಗೆಯಲ್ಲಿ ಗಿಣ್ಣು ಕಟ್ಟಿ ಕೊಟ್ಟಳು, ದುಡ್ಡು ತೆಗೆದುಕೊಳ್ಳಲಿಲ್ಲ. ರಾಜಧಾನಿಯಿಂದ ಸರ್ಕಾರಿ ವಕೀಲನೊಬ್ಬ ಬಂದು ನದಿಯ ದಂಡೆಯಲ್ಲಿ ಅಡ್ಡಾಡಿ, ಮುರಿದ ಕಂಬಗಳ ಚಿತ್ರ ತೆಗೆದುಕೊಂಡು ಹೋದ. ಗಾರೆಯವರಲ್ಲಿ ಇಬ್ಬರು ನಶೆಯಿಲ್ಲದೆಯೇ ಅವನ ಮುಂದೆ ಮಾತಾಡಿದರಂತೆ. ಬಿಷಪ್‌ರಿಂದ ಕರೆ ಬರಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಒಂದು ಸಂಜೆ ಫಾದರ್ ಅನಾಕ್ಲೆತೊ ಸಂತೆ ಓಣಿಯಲ್ಲಿ ಹೋಗುತ್ತಿದ್ದರು. ಎಲ್ಲಿಗೆಂದು ಇರಲಿಲ್ಲ. ಕೋಣೆಯಲ್ಲಿ ಕೂರಲಾಗದೆ ಹೊರಟಿದ್ದರು. ಎದುರಿನಿಂದ ಫೌಸ್ತೊ, ದೆಲ್ಫಿನಾ ಬರುತ್ತಿದ್ದರು. ಓಣಿ ಕಿರಿದು. ಪಕ್ಕಕ್ಕೆ ತಿರುಗಲು ದಾರಿಯಿರಲಿಲ್ಲ. ಅಂಗಡಿಯವರು ತೂಕದ ಕಲ್ಲು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನೋಡಿದರು.

ಕೊಂಪಾದ್ರೆಗಳು ಎದುರಾದರೆ ಟೊಪ್ಪಿಗೆ ತೆಗೆಯಬೇಕು. ಫಾದರ್ ತೆಗೆದರು.

ಫೌಸ್ತೊ ಅವರನ್ನು ನೋಡಲಿಲ್ಲ. ಅವರ ತಲೆಯ ಮೇಲಿಂದ ಎಲ್ಲೋ ದೂರ ನೋಡುತ್ತ, ದವಡೆ ಬಿಗಿದು ಬಂದ. ಪಕ್ಕಕ್ಕೆ ಬಂದಾಗ ಅವನ ಬಲಗೈ ಮೇಲೇರಿತು. ಟೊಪ್ಪಿಗೆಯ ಅಂಚನ್ನು ಹಿಡಿದು ಎತ್ತಿತು, ಮತ್ತೆ ಇಳಿಸಿತು. ಅವನಿಗೇ ಗೊತ್ತಾಗಿ ಕೈಯನ್ನು ತಟ್ಟನೆ ಜೇಬಿಗೆ ತುರುಕಿದ. ದೆಲ್ಫಿನಾ ನಡೆಯುತ್ತಲೇ ಶಾಲನ್ನು ಒಂದು ಬದಿಗೆ ಸರಿಸಿದಳು. ಮಗುವಿನ ಕೆನ್ನೆ ಕೆಂಪಗಿತ್ತು. ಅದು ನಿದ್ದೆ ಮಾಡುತ್ತಿತ್ತು.

ಅವರು ದಾಟಿ ಹೋದರು. ಚರ್ಚಿನಲ್ಲಿ ಸಂಜೆಯ ಗಂಟೆ ಶುರುವಾಯಿತು, ಅದೇ ಅವಸರದ ಗಂಟೆ. ಫಾದರ್ ಅನಾಕ್ಲೆತೊ ಓಣಿಯ ನಡುವೆ ಟೊಪ್ಪಿಗೆ ಕೈಯಲ್ಲೇ ಹಿಡಿದು ನಿಂತರು. ತಲೆಗೆ ಹಾಕಿಕೊಳ್ಳಬೇಕೆಂದು ಗಂಟೆ ನಿಂತ ಮೇಲೂ ನೆನಪಾಗಲಿಲ್ಲ.